ಒಳಗಡಿಯಾರದ ಹೆಜ್ಜೆ

ಸತ್ತವರ ಎದೆಯಿಂದ ತೆಗೆದ ಗಡಿಯಾರ ಮೇಜಿನ ಮೇಲೆ ಚೆನ್ನಾಗಿಯೇ ಓಡುತ್ತಿತ್ತು. ಯಶಸ್ವತಿಗೆ ದಾರಿ ಕಾಣದೆ ಹೋದದ್ದು ಅದಕ್ಕೇ. ನಿಂತುಹೋಗಿದ್ದರೆ ಬಿಚ್ಚಿ ನೋಡಬಹುದಿತ್ತು. ಹಲ್ಲು ಮುರಿದದ್ದೋ, ಧೂಳು ಹೊಕ್ಕಿದ್ದೋ, ಎಣ್ಣೆ ಒಣಗಿದ್ದೋ ಕೈಗೆ ಸಿಗುತ್ತಿತ್ತು. ಓಡುತ್ತಿರುವ ಗಡಿಯಾರವನ್ನು ಹಿಡಿದುಕೊಂಡು ಏನೆಂದು ಕೇಳುವುದು?

ಹಾಸನದ ಹೊರಗೆ, ಕೆರೆ ಏರಿಯ ಆಚೆ ಇದ್ದ ಗಡಿಯಾರ ಕೇಂದ್ರದಲ್ಲಿ ಅವಳು ಕೆಲಸ ಮಾಡುವ ಕೋಣೆಯನ್ನು ಎಲ್ಲರೂ ಕೇಳುವ ಕೋಣೆ ಎನ್ನುತ್ತಿದ್ದರು. ಗೋಡೆಗೆಲ್ಲ ಹತ್ತಿಯ ದಿಂಡು ಹೊಡೆದು ಹೊರಗಿನ ಸದ್ದು ಒಳಗೆ ಬರದಂತೆ ಮಾಡಿದ್ದರು. ಅಲ್ಲಿ ಗಡಿಯಾರಗಳನ್ನು ನೋಡುವುದಕ್ಕಿಂತ ಹೆಚ್ಚಾಗಿ ಕೇಳುತ್ತಿದ್ದರು. ಮನೆಯಲ್ಲಿ ಸಂಜೆಯಾದರೆ ಯಾರಾದರೊಬ್ಬರು ಕಾವ್ಯ ಓದುವುದು, ಉಳಿದವರು ಬಾಯಿ ಮುಚ್ಚಿ ಕೇಳುವುದು ಎಂಬ ಪದ್ಧತಿಯಲ್ಲಿ ಬೆಳೆದ ಯಶಸ್ವತಿಗೆ ಆ ಕೆಲಸ ಒಗ್ಗಿಹೋಗಿತ್ತು. ಎಲ್ಲಿ ಮಾತ್ರೆ ತಪ್ಪಿತು, ಎಲ್ಲಿ ಉಸಿರು ಸಾಲದೆ ಸಾಲು ಕುಗ್ಗಿತು ಎಂಬುದು ಅವಳ ಕಿವಿಗೆ ತಾನಾಗಿ ಗೊತ್ತಾಗುತ್ತಿತ್ತು. ಈ ಗಡಿಯಾರದಲ್ಲಿ ಒಂದು ಮಾತ್ರೆಯೂ ತಪ್ಪಿರಲಿಲ್ಲ.

ಅವಳು ಚಿಕ್ಕವಳಿದ್ದಾಗಲೇ ಸೂರ್ಯ ಕೆಟ್ಟಿದ್ದ. ಬೆಳಕು, ಬಿಸಿಲು ಎಲ್ಲ ಮೊದಲಿನ ಹಾಗೇ ಇತ್ತು. ಆದರೆ ಆಗಾಗ ಅವನ ಮೈಯಿಂದ ಎದ್ದ ಬಿರುಗಾಳಿ ಭೂಮಿಗೆ ಬಂದು ಬಡಿದಾಗ ಚಿಪ್ ಇರುವ ಯಂತ್ರಗಳೆಲ್ಲ ಮಂಕು ಹಿಡಿದು ಕೂರುತ್ತಿದ್ದವು. ತಾಲ್ಲೂಕು ಕಚೇರಿಯ ಮೇಲೆ ಹಳದಿ ಬಾವುಟ ಏರಿದರೆ ಫೋನಿನ ತಂತಿ ಕಳಚಬೇಕು, ಬಸ್ಸು ನಿಲ್ಲಬೇಕು, ರೇಡಿಯೋ ಮುಚ್ಚಬೇಕು. ಜನ ಅದಕ್ಕೂ ಹೊಂದಿಕೊಂಡಿದ್ದರು. ಬಾವುಟದ ದಿನ ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ, ಅಷ್ಟೇ. ಹೊಂದಿಕೊಳ್ಳಲಾರದೆ ಹೋದವರು ಎದೆಯಲ್ಲಿ ಬ್ಯಾಟರಿಯ ಪೇಸ್‌ಮೇಕರ್ ಇಟ್ಟುಕೊಂಡವರು. ಒಂದೇ ಬಿರುಗಾಳಿಯಲ್ಲಿ ಅಂಥವರೆಷ್ಟೋ ಮಂದಿ ಕುಳಿತಲ್ಲೇ ಹೋಗಿಬಿಟ್ಟರು.

ಆಗ ಬಂದದ್ದು ಒಳಗಡಿಯಾರ. ಚಿಪ್ ಇಲ್ಲ, ಬ್ಯಾಟರಿ ಇಲ್ಲ. ಹಳೆಯ ಕಾಲದ ಕೈಗಡಿಯಾರದಲ್ಲಿ ಇರುತ್ತಿದ್ದುದೇ ಇಲ್ಲೂ ಇತ್ತು. ಸುತ್ತಿಕೊಂಡ ಮೇನ್‌ಸ್ಪ್ರಿಂಗ್ ಬಿಚ್ಚಿಕೊಳ್ಳಲು ಹವಣಿಸುತ್ತದೆ; ಆ ಬಲ ಹಲ್ಲುಗಾಲಿಗಳ ಮೂಲಕ ಕೊನೆಯ ಗಾಲಿಗೆ ಬರುತ್ತದೆ. ಬಿಟ್ಟರೆ ಒಂದೇ ಉಸಿರಿಗೆ ಬಿಚ್ಚಿಹೋಗುವ ಆ ಬಲವನ್ನು ಒಂದು ಪುಟ್ಟ ಕವೆ ಅಡ್ಡಗಟ್ಟುತ್ತದೆ. ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಕಟ್ಟಿದ ಬ್ಯಾಲೆನ್ಸ್ ಚಕ್ರ ಅತ್ತ ತಿರುಗಿದಾಗೊಮ್ಮೆ, ಇತ್ತ ತಿರುಗಿದಾಗೊಮ್ಮೆ ಕವೆಯನ್ನು ಸರಿಸಿ ಒಂದೇ ಒಂದು ಹಲ್ಲನ್ನು ದಾಟಿಸುತ್ತದೆ. ದಾಟುವ ಹಲ್ಲು ಸುಮ್ಮನೆ ಹೋಗುವುದಿಲ್ಲ. ಹೋಗುತ್ತಾ ಚಕ್ರಕ್ಕೆ ಒಂದು ಸಣ್ಣ ತಳ್ಳು ಕೊಟ್ಟು ಹೋಗುತ್ತದೆ. ಆ ತಳ್ಳಿನಿಂದಲೇ ಚಕ್ರದ ಓಟ ಸಾಯದೆ ಉಳಿಯುವುದು. ಒಳಗಡಿಯಾರದಲ್ಲಿ ಪ್ರತಿ ಹಲ್ಲೂ ದಾಟುವಾಗ ಒಂದು ಹರಳನ್ನು ಒತ್ತುತ್ತಿತ್ತು. ಗ್ಯಾಸ್ ಲೈಟರ್ ಒತ್ತಿದರೆ ಕಿಡಿ ಹಾರುತ್ತದಲ್ಲ, ಅದೇ ಜಾತಿಯ ಹರಳು. ಅದರ ಕಿಡಿ ತಂತಿಯಲ್ಲಿ ಹರಿದು ಹೃದಯವನ್ನು ಮುಟ್ಟಿ, ಬಡಿ ಎನ್ನುತ್ತಿತ್ತು. ನಡೆದಾಡಿದರೆ ಸಾಕು, ಒಳಗಿನ ತೂಕವೊಂದು ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತಿತ್ತು. ಕೈಗಡಿಯಾರ ಒಂದು ಸೆಕೆಂಡಿನೊಳಗೆ ಹಲವು ಸಲ ಟಿಕ್ ಎನ್ನುತ್ತದೆ. ಇದು ಎದೆಯಷ್ಟೇ ನಿಧಾನ. ಸೂರ್ಯ ಏನು ಮಾಡಿದರೂ ಇದಕ್ಕೆ ಕೇಳಿಸುತ್ತಿರಲಿಲ್ಲ.

ಅಂಥದ್ದನ್ನು ಇಟ್ಟುಕೊಂಡವರಲ್ಲಿ ಈ ಬೇಸಿಗೆಯಲ್ಲಿ ಸತ್ತವರು ಮೂವರು. ಮೂರು ಗಡಿಯಾರಗಳೂ ಓಡುತ್ತಲೇ ಮರಳಿ ಬಂದಿದ್ದವು.

ಬಾಗಿಲು ತೆರೆದು ಡಾಕ್ಟರ್ ತಿಮ್ಮೇಗೌಡರು ಒಳಗೆ ಬಂದರು. ಈ ಗಡಿಯಾರಗಳನ್ನು ಜನರ ಎದೆಯಲ್ಲಿ ಕೂರಿಸುತ್ತಿದ್ದವರು ಅವರೇ. ಕೇಂದ್ರದ ಮುಖ್ಯಸ್ಥರೂ ಅವರೇ.

"ಏನಂತೆ ಪೋಸ್ಟ್‌ಮಾಸ್ಟರ್ ಗಡಿಯಾರ?" ಎಂದರು. ಸತ್ತವರು ಅರಸೀಕೆರೆ ಕಡೆಯ ನಿವೃತ್ತ ಪೋಸ್ಟ್‌ಮಾಸ್ಟರ್, ಲಕ್ಷ್ಮೀನರಸಯ್ಯ.

"ನನಗಿಂತ ಆರೋಗ್ಯವಾಗಿದೆ ಸಾರ್. ಮಲಗಿಸಿ, ನಿಲ್ಲಿಸಿ, ಮಗುಚಿ, ಬಿಸಿ ಮಾಡಿ, ತಣ್ಣಗೆ ಮಾಡಿ ನೋಡಿದೆ. ಕುಲುಕೋ ಯಂತ್ರಕ್ಕೂ ಹಾಕಿದೆ. ಜಪ್ಪಯ್ಯ ಅನ್ನಲ್ಲ."

"ಹಾಗಾದ್ರೆ ಹೃದಯವೇ ಸೋತಿರ್ಬೇಕು."

"ಮೂರು ಹೃದಯಾನೂ ಒಂದೇ ಬೇಸಿಗೇಲಾ?"

ತಿಮ್ಮೇಗೌಡರು ಕುರ್ಚಿ ಎಳೆದು ಕೂತು, ದನಿ ತಗ್ಗಿಸಿ ಹೇಳಿದರು. "ನಾಲ್ಕನೇದು ಆದ್ರೆ ಎಲ್ಲರದ್ದೂ ಬಿಚ್ಚಿ ಬ್ಯಾಟರಿದೇ ಹಾಕಿ ಅಂತಾರೆ ಮೇಲಿನವರು. ಬಿಚ್ಚಿ ಹಾಕೋ ಹೊತ್ತಿಗೇ ಎಷ್ಟು ಜನ ಟೇಬಲ್ ಮೇಲೆ ಹೋಗ್ತಾರೋ. ನಿಮ್ಮಕ್ಕಂದೂ ಇದೇ ಮಾದರಿ ಅಲ್ವಾ ಯಶಸ್ವತಿಯವರೇ?"

"ಇದೇ ಮಾದರಿ. ನಾನೇ ಜೋಡಿಸಿ ಹದ ಮಾಡಿದ್ದು."

ಅಕ್ಕನ ಹೃದಯಕ್ಕೆ ತನ್ನದೇ ಬಡಿತ ಎಂಬುದು ಉಳಿದಿರಲಿಲ್ಲ. ಗಡಿಯಾರ ಹೇಳಿದಾಗ ಬಡಿಯುತ್ತಿತ್ತು, ಹೇಳದಿದ್ದರೆ ಇಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಯಶಸ್ವತಿ ಮೇಜಿನ ಮೇಲಿನ ಗಡಿಯಾರವನ್ನು ಮತ್ತೆ ಕಿವಿಗೆ ಹಿಡಿದಳು.

*

ಯಶಸ್ವತಿ ಮನೆ ಸೇರುವಷ್ಟರಲ್ಲಿ ಮನೆಯವರ ಊಟ ಮುಗಿದಿತ್ತು. ಸೂರ್ಯ ಮುಳುಗಿದ ಮೇಲೆ ತುತ್ತು ಎತ್ತದ ಜೈನರ ಮನೆ ಅದು. ಕೆಲಸದ ನೆಪದಿಂದ ಈ ನಿಯಮಕ್ಕೆ ದಿನವೂ ತಪ್ಪುವವಳು ಅವಳೊಬ್ಬಳೇ. ಅಕ್ಕ ಮರುದೇವಿ, ಭಾವ ಧರಣೇಂದ್ರಯ್ಯ ಅವಳ ಜೊತೆ, ಕೆರೆ ಏರಿಯ ಈಚೆಗಿದ್ದ ಕೇಂದ್ರದ ಕ್ವಾರ್ಟರ್ಸಿನಲ್ಲೇ ಇದ್ದರು. ಅಕ್ಕನಿಗೆ ಗಡಿಯಾರ ಕೂರಿಸಿದ ಮೇಲೆ ಯಶಸ್ವತಿ ಹಟ ಮಾಡಿ ಕರೆತಂದಿದ್ದಳು. ಭಾವ ಬರುವಾಗ ತಂದದ್ದು ಒಂದು ಮೂಟೆ ಹಳೆಯ ಕಾವ್ಯಗಳು, ಮತ್ತು ನಾಲ್ಕು ಹಿತ್ತಾಳೆ ಸರಪಳಿಯ ಒಂದು ಉಯ್ಯಾಲೆ ಹಲಗೆ.

ನಡುಮನೆಯಲ್ಲಿ ಆ ಹಲಗೆ ತೂಗುತ್ತಿತ್ತು. ಅಕ್ಕ ಒಂದು ಕಾಲು ಮಡಿಸಿ ಕೂತು, ಇನ್ನೊಂದು ಕಾಲಿನ ಹೆಬ್ಬೆರಳಿನಿಂದ ನೆಲವನ್ನು ಮೆಲ್ಲಗೆ ಒತ್ತುತ್ತಿದ್ದಳು. ಭಾವ ಪಕ್ಕದ ಮಣೆಯ ಮೇಲೆ ಕೂತು, ವ್ಯಾಸಪೀಠದ ಮೇಲೆ ಪುಸ್ತಕ ಬಿಚ್ಚಿ, ಷಟ್ಪದಿ ವಾಚಿಸುತ್ತಿದ್ದರು. ಮೂರು ಮಾತ್ರೆ, ನಾಲ್ಕು ಮಾತ್ರೆ, ಮೂರು, ನಾಲ್ಕು. ಹಲಗೆ ಹೋಗುವಾಗ ಅರ್ಧ ಸಾಲು, ಬರುವಾಗ ಅರ್ಧ ಸಾಲು. ರಾಜ್ಯ ಬಿಟ್ಟು ಕಾಡಿಗೆ ಹೊರಟ ದೊರೆಯ ಕಥೆ; ರಾಗ ತುಂಬ ನಿಧಾನ.

"ಬಂದಳಪ್ಪ ನಮ್ಮ ನಿಶಾಚರಿ," ಎಂದರು ಭಾವ, ಪದ್ಯ ಮುಗಿಸಿ. "ನಿಮ್ಮಕ್ಕ ನಿನ್ನ ಪಾಲಿನ ಪಾಪ ಕಳೀಲಿ ಅಂತ ಎರಡು ಪದ್ಯ ಜಾಸ್ತಿ ಓದಿಸ್ತಾಳೆ. ನನ್ನ ಗಂಟಲಿಗೆ ಶಿಕ್ಷೆ."

"ಗಂಟಲಿಗೆ ಶಿಕ್ಷೆ ಆದ್ರೆ ಯುದ್ಧದ ಸಂಧಿ ಓದಿ ಭಾವ. ಬೇಗ ಬೇಗ ಮುಗಿಯುತ್ತೆ."

"ಅಯ್ಯೋ, ಯುದ್ಧ!" ಭಾವ ಕೆನ್ನೆ ಬಡಿದುಕೊಂಡರು. "ಮದುವೆಯಾದ ಹೊಸದರಲ್ಲಿ ಒಂದು ಸಲ ಓದಿದ್ದೆ. ಹಿಂಸೆ ಮಾಡೋದೂ ಪಾಪ, ಕೇಳೋದೂ ಪಾಪ ಅಂತ ಎದ್ದು ಒಳಗೆ ಹೋದಳು. ಅವತ್ತಿಂದ ನಮ್ಮ ಮನೇಲಿ ಯಾವ ರಾಜನೂ ಕತ್ತಿ ಹಿರಿದಿಲ್ಲ. ಎಲ್ಲರೂ ಕಾಡಿಗೆ ಹೋಗ್ತಾರೆ, ತಪಸ್ಸು ಮಾಡ್ತಾರೆ."

ಅಕ್ಕ ನಕ್ಕಳು. ನಗು ಸ್ವಲ್ಪ ದೂರದಿಂದ ಬಂದ ಹಾಗಿತ್ತು. ಯಶಸ್ವತಿ ಅವಳ ಕೈ ಹಿಡಿದು ನೋಡಿದಳು. ತಣ್ಣಗಿತ್ತು.

"ಸುಸ್ತಾ ಅಕ್ಕ?"

"ಇಲ್ವೇ. ಇತ್ತೀಚೆಗೆ ವಾಚನ ಕೇಳ್ತಾ ಕೂತ್ರೆ ಮೈಯೆಲ್ಲಾ ತಣ್ಣಗಾಗಿ, ಎದೆ ಎಲ್ಲೋ ಆಳಕ್ಕೆ ಇಳಿದ ಹಾಗೆ ಆಗುತ್ತೆ. ಇಷ್ಟು ವರ್ಷ ಬಸದಿಗೆ ಹೋದ್ರೂ ಸಿಗದ ಶಾಂತಿ ಕಣೇ. ಕೇಳಿದ್ದಕ್ಕೆ ಈಗ ಫಲ ಬಂತು ಅನ್ಸುತ್ತೆ."

ಅಕ್ಕ ಎದ್ದು, ಹೆಜ್ಜೆ ಸ್ವಲ್ಪ ತಡವರಿಸಿ, ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಹೋದಳು. ಯಶಸ್ವತಿಗೆ ಸಂತೋಷವೇ ಆಯಿತು. ಎದೆಯ ಮಾತು ಬಂದಾಗಲೆಲ್ಲ ಹೆದರುವ ಅಕ್ಕ ಇಷ್ಟು ನೆಮ್ಮದಿಯಿಂದ ಇದ್ದಾಳಲ್ಲ ಎಂದುಕೊಂಡು ಮಲಗಿದಳು.

*

ಮಾರನೆಯ ದಿನ ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಹಳದಿ ಬಾವುಟ ಏರಿತು. ಕಾವಲುಗಾರ ಬಂದು ಫೋನಿನ ತಂತಿ ಕಳಚಿ ಹೋದ. ಅವನ ಹಿಂದೆಯೇ ಒಬ್ಬ ಹೆಂಗಸು ಬಂದು ಬಾಗಿಲಲ್ಲಿ ನಿಂತಳು. ಪೋಸ್ಟ್‌ಮಾಸ್ಟರರ ಸೊಸೆ, ಪಂಕಜಾಕ್ಷಿ. ಕೊನೆಯ ಬಸ್ಸಿಗೆ ಬಂದವಳು ಈಗ ಮರಳಿ ಹೋಗುವಂತಿರಲಿಲ್ಲ.

"ಮಾವನೋರ ಗಡಿಯಾರ ಕೊಡಬೇಕಿತ್ತು ಮೇಡಂ. ಅಸ್ಥಿ ಜೊತೆ ಹೊಳೇಲಿ ಬಿಡಬೇಕು ಅಂತ ನಮ್ಮನೆಯವರು ಕಳಿಸಿದ್ರು. ಎದೇಲಿ ಇದ್ದದ್ದಲ್ವಾ, ಅದೂ ಅವರೇ."

"ಒಂದು ವಾರ ಬಿಡಿ ಅಮ್ಮ. ಯಾಕೆ ಹೋದರು ಅಂತ ನಮಗಿನ್ನೂ ಗೊತ್ತಾಗಿಲ್ಲ."

"ಪುಣ್ಯಾತ್ಮರು. ನರಳಲಿಲ್ಲ, ಕೂಗಲಿಲ್ಲ. ನಾನು ಕಾಫಿ ತಗೊಂಡು ಬರೋಷ್ಟರಲ್ಲಿ ಮುಗಿದಿತ್ತು. ಆಮೇಲೆ ಕೆಳಗೆ ಇಳಿಸೋಕೆ ನಾನು, ನಮ್ಮನೆಯವರು, ಪಕ್ಕದ ಮನೆಯೋರು ಮೂರು ಜನ ಬೇಕಾಯ್ತು..."

ಯಶಸ್ವತಿ ತಲೆಯೆತ್ತಿದಳು. ಆಸ್ಪತ್ರೆಯಿಂದ ಬಂದ ವರದಿಯಲ್ಲಿ ಮೂವರೂ ನೆಲದ ಮೇಲೆ, ಚಾಪೆಯಲ್ಲಿ ಮಲಗಿದ್ದಾಗ ತೀರಿಕೊಂಡರೆಂದಿತ್ತು.

"ಇಳಿಸೋಕೆ? ಎಲ್ಲಿಂದ?"

ಪಂಕಜಾಕ್ಷಿಯ ಕೈ ಬಾಯಿಗೆ ಹೋಯಿತು. ಸೆರಗು ಎಳೆದುಕೊಂಡಳು. "ಚಾಪೆ ಮೇಲೇ ಇದ್ರು ಮೇಡಂ."

"ಅಮ್ಮಾ, ನಮ್ಮಕ್ಕನ ಎದೇಲೂ ಇದೇ ಇದೆ. ನಿಮ್ಮ ಕಾಲು ಹಿಡ್ಕೋತೀನಿ. ಎಲ್ಲಿಂದ ಇಳಿಸಿದ್ರಿ?"

ಆ ಹೆಂಗಸು ಬಾಗಿಲನ್ನು ಮುಂದೆ ಮಾಡಿ ಹತ್ತಿರ ಬಂದಳು. "ಉಯ್ಯಾಲೆಯಿಂದ," ಎಂದಳು ಕೊನೆಗೆ. "ಬರ್ಕೋಬೇಡಿ. ನಮ್ಮ ಅತ್ತೆ ಪ್ರಾಣ ಬಿಡ್ತಾರೆ. ಮಂಚದ ಮೇಲೆ, ಉಯ್ಯಾಲೆ ಮೇಲೆ, ನೆಲ ಮುಟ್ಟದೆ ಜೀವ ಹೋದ್ರೆ ಸದ್ಗತಿ ಇಲ್ಲ ಅಂತಾರಲ್ಲ? ಮನೆ ಬಿಡಬೇಕು ಅಂತಾರೆ. ಅದಕ್ಕೇ ಇಳಿಸಿ, ಚಾಪೆ ಹಾಕಿ, ನೆಲದ ಮೇಲೇ ಹೋದ್ರು ಅಂತ ಹೇಳಿದ್ವಿ. ಎಲ್ಲರ ಮನೇಲೂ ಹಾಗೇ ಹೇಳೋದು. ಮಾವನೋರು ದಿನಾ ಉಯ್ಯಾಲೆ ಮೇಲೇ ಜಪ ಮಾಡೋರು. ಜಪಕ್ಕೆ ಸರಿಯಾಗಿ ಕಾಲು ಒತ್ತೋರು. ಅವತ್ತೂ ಜಪ ಮುಗಿಸಿ, ಎರಡೂ ಕಾಲು ಊರಿ ನಿಲ್ಲಿಸಿದ್ದನ್ನ ನಾನು ಅಡುಗೆಮನೆಯಿಂದ ನೋಡಿದ್ದೆ. ಕಾಫಿ ಬಿಸಿ ಇತ್ತು ಮೇಡಂ, ಇನ್ನೂ ಬಿಸಿ ಇತ್ತು."

ಎಲ್ಲರ ಮನೆಯಲ್ಲೂ ಹಾಗೇ ಹೇಳುವುದು. ಯಶಸ್ವತಿಯ ಕಿವಿಯಲ್ಲಿ ಅದೊಂದೇ ಮಾತು ಉಳಿಯಿತು. ಅವಳು ಪಂಕಜಾಕ್ಷಿಯನ್ನು ಕೂರಿಸಿ, ಚಹಾ ತರುವ ಟ್ರೇಯನ್ನು ಎತ್ತಿಕೊಂಡು ಹಿಂದಿನ ಉಗ್ರಾಣಕ್ಕೆ ಓಡಿದಳು. ಅಲ್ಲಿನ ತೊಲೆಯಿಂದ ನಾಲ್ಕು ಹುರಿ ಇಳಿಬಿಟ್ಟು, ಮನೆಯ ಉಯ್ಯಾಲೆಯಷ್ಟೇ ಉದ್ದಕ್ಕೆ ಟ್ರೇ ಕಟ್ಟಿದಳು. ಗಡಿಯಾರವನ್ನು ಮೇಣ ಹಚ್ಚಿ ಅದರ ಮೇಲೆ ನಿಲ್ಲಿಸಿದಳು. ಸ್ಟೆತಸ್ಕೋಪ್ ಕಿವಿಗಿಟ್ಟಳು. ಅಕ್ಕನ ಹೆಬ್ಬೆರಳು ಒತ್ತುವ ಲಯ ಅವಳಿಗೆ ಗೊತ್ತಿತ್ತು. ಬಾಯಲ್ಲೇ ಷಟ್ಪದಿ ಗುನುಗುತ್ತಾ ಒಂದೇ ಬೆರಳಿನಿಂದ ಟ್ರೇಯನ್ನು ತೂಗತೊಡಗಿದಳು.

ಮೊದಮೊದಲು ಏನೂ ಇಲ್ಲ. ಗಡಿಯಾರ ತನ್ನ ಪಾಡಿಗೆ ತಾನು ಚುರುಕಾಗಿ ಓಡಿತು, ಟ್ರೇ ತನ್ನ ಪಾಡಿಗೆ ತಾನು ನಿಧಾನವಾಗಿ ತೂಗಿತು. ತಿಮ್ಮೇಗೌಡರು ಬಂದು ಬಾಗಿಲಲ್ಲಿ ನಿಂತದ್ದು ಅವಳಿಗೆ ಕಾಣಿಸಲಿಲ್ಲ. ಪದ್ಯದ ಮೇಲೆ ಪದ್ಯ ಮುಗಿಯಿತು. ಆಮೇಲೆ ಕಿವಿಯಲ್ಲಿ ಏನೋ ಬದಲಾಯಿತು. ಟಿಕ್ ತಡವರಿಸಿತು. ಮತ್ತೆ ತಡವರಿಸಿತು. ಆಮೇಲೆ ತಡವರಿಸುವುದನ್ನು ಬಿಟ್ಟು, ಹೋಗುವಾಗ ಒಂದು, ಬರುವಾಗ ಒಂದು ಎಂದು ಟ್ರೇಯ ಹೆಜ್ಜೆಗೆ ಹೆಜ್ಜೆ ಹಾಕಿತು.

"ಎಷ್ಟೇ ನಾಜೂಕಾಗಿ ಮಾಡಿದ್ರೂ ಬ್ಯಾಲೆನ್ಸ್ ಚಕ್ರದ ಒಂದು ಬದಿ ಕೂದಲಷ್ಟು ಭಾರ ಇದ್ದೇ ಇರುತ್ತೆ ಸಾರ್," ಎಂದಳು, ಬಾಗಿಲಲ್ಲಿದ್ದ ಡಾಕ್ಟರನ್ನು ಆಗ ಕಂಡು, ತೂಗುವ ಬೆರಳು ನಿಲ್ಲಿಸದೆ. "ಕುಲುಕಾಟ ಅಡ್ಡಾದಿಡ್ಡಿ ಆದ್ರೆ ಅದಕ್ಕೆ ಏನೂ ಆಗಲ್ಲ. ಒಂದೇ ಲಯದಲ್ಲಿ ತೂಗ್ತಾ ಇದ್ರೆ ಆ ಭಾರದ ಬದಿ ಉಯ್ಯಾಲೆ ಮಾತು ಕೇಳೋಕೆ ಶುರು ಮಾಡುತ್ತೆ."

"ನಿಧಾನ ಆಯ್ತು, ನಿಜ. ಆದ್ರೆ ನಿಂತಿಲ್ಲವಲ್ಲ. ನಿಧಾನವಾದ ಬಡಿತಕ್ಕೆ ಮಂಪರು ಬರಬಹುದು, ಮೈ ತಣ್ಣಗಾಗಬಹುದು..." ಎಂದರು ತಿಮ್ಮೇಗೌಡರು, ಹತ್ತಿರ ಬಂದು ಕಿವಿಗೊಟ್ಟು.

ಮೈಯೆಲ್ಲಾ ತಣ್ಣಗಾಗಿ, ಎದೆ ಎಲ್ಲೋ ಆಳಕ್ಕೆ ಇಳಿದ ಹಾಗೆ. ಯಶಸ್ವತಿಗೆ ಅಕ್ಕನ ಮಾತು ನೆನಪಾಯಿತು. ಅವಳು ಟ್ರೇಯನ್ನು ಹಿಡಿದು ನಿಲ್ಲಿಸಿದಳು.

ಟಿಕ್. ಅರ್ಧ ಟಿಕ್. ಆಮೇಲೆ ಏನೂ ಇಲ್ಲ.

ಹತ್ತಿ ತುಂಬದ ಆ ಉಗ್ರಾಣದಲ್ಲೂ ಅಂಥ ನಿಶ್ಶಬ್ದವನ್ನು ಅವರಿಬ್ಬರೂ ಕೇಳಿರಲಿಲ್ಲ. ಅವಳು ಗಡಿಯಾರವನ್ನು ಬೆರಳಿನಿಂದ ತಟ್ಟಿದಳು, ಇಲ್ಲ. ಟ್ರೇಯನ್ನು ಕುಟ್ಟಿದಳು, ಇಲ್ಲ. ಕೈಗೆತ್ತಿಕೊಂಡು ಮಣಿಕಟ್ಟನ್ನು ರಪ್ಪನೆ ತಿರುವಿದಾಗ ಮಾತ್ರ, ಏನೂ ಆಗಿಲ್ಲವೆಂಬಂತೆ, ಮತ್ತೆ ಓಡತೊಡಗಿತು. ಮೂರು ಗಡಿಯಾರಗಳೂ ಓಡುತ್ತಾ ಬಂದದ್ದು ಹೀಗೆ. ಎದೆಯಿಂದ ತೆಗೆಯುವಾಗ ಯಾರೋ ತಿರುವಿದ್ದರು.

"ಉಯ್ಯಾಲೆ ಮೇಲಿನ ಮಗೂನ ತಪ್ಪು ಹೊತ್ತಿಗೆ ತಳ್ಳಿದ್ರೆ ಏನಾಗುತ್ತೆ ಸಾರ್? ಓಟ ಸಾಯುತ್ತೆ. ಇಲ್ಲೂ ಅದೇ. ಹಲ್ಲು ಕೊಡೋ ತಳ್ಳು ಹೊತ್ತು ತಪ್ಪಿ ಬೀಳ್ತಿದೆ. ಚಕ್ರಕ್ಕೆ ತನ್ನ ಓಟ ಅಂತ ಉಳಿದೇ ಇಲ್ಲ, ಉಯ್ಯಾಲೆ ಓಟಾನೇ ಅದರ ಓಟ. ಉಯ್ಯಾಲೆ ನಿಂತ್ರೆ ಕವೆ ಕಚ್ಚಿಕೊಂಡು ಕೂತ್ಬಿಡುತ್ತೆ. ಎದೆ ಒಳಗಿರೋದನ್ನ ಹೀಗೆ ತಿರುವೋದು ಹೇಗೆ?"

ತಿಮ್ಮೇಗೌಡರು ಆಗಲೇ ಬಾಗಿಲ ಕಡೆ ತಿರುಗಿದ್ದರು. "ಈಗಲೇ ಸೈಕಲ್ ಮೇಲೆ ಹುಡುಗರನ್ನ ಕಳಿಸ್ತೀನಿ. ಯಾರ್ಯಾರ ಮನೇಲಿ ಉಯ್ಯಾಲೆ ಇದ್ಯೋ ತಕ್ಷಣ ನಿಲ್ಲಿಸಿ ಅಂತ ಹೇಳಿ ಕಳಿಸ್ತೀನಿ."

"ಸಾರ್, ಬೇಡ! ಈಗ ತೂಗ್ತಾ ಇರೋರು ಆ ಮಾತು ಕೇಳೇ ಸಾಯ್ತಾರೆ!"

ಡಾಕ್ಟರು ನಿಂತರು. ಕಿಟಕಿಯಾಚೆ ಬಿಸಿಲು ಹಣ್ಣಾಗಿತ್ತು. ಮನೆಯಲ್ಲಿ ಊಟ ಮುಗಿದು, ದೀಪ ಹಚ್ಚಿ, ಭಾವ ಪುಸ್ತಕ ಬಿಚ್ಚುವ ಹೊತ್ತು ಅದು.

"ಕೂರದವರು ಕೂರಬೇಡಿ, ಕೂತವರು ನಿಲ್ಲಿಸಬೇಡಿ, ನಾವು ಬರೋವರೆಗೂ ತೂಗ್ತಾ ಇರಿ ಅಂತ ಹೇಳಿಸಿ," ಎಂದು ಕೂಗಿ ಯಶಸ್ವತಿ ಸೈಕಲ್ ಹತ್ತಿದಳು.

*

ಕೆರೆ ಏರಿಯ ಮೇಲೆ ಎದುರುಗಾಳಿ. ಸೆರಗು ಚಕ್ರಕ್ಕೆ ಸಿಕ್ಕಿ ಹರಿಯಿತು; ಅವಳು ಇಳಿಯಲಿಲ್ಲ. ತಲೆಯೊಳಗೆ ಒಂದೇ ಯೋಚನೆ. ಹಲಗೆ ನಿಲ್ಲದಿದ್ದರೆ ಸಾಕು. ನಿನ್ನೆಯವರೆಗೆ ಗಡಿಯಾರ ಪೂರ್ತಿ ಉಯ್ಯಾಲೆಯ ಹಿಡಿತಕ್ಕೆ ಸಿಗುವ ಮೊದಲೇ ಅಕ್ಕ ಎದ್ದಿದ್ದಿರಬೇಕು. ಆದರೆ ನಿಲ್ಲದೆಯೂ ಎಷ್ಟು ಹೊತ್ತು? ಅಷ್ಟು ನಿಧಾನವಾದ ಬಡಿತದಲ್ಲಿ ಅಕ್ಕನಿಗೆ ಮಂಪರು ಕವಿದು, ಕಾಲು ತಾನಾಗಿ ನಿಂತರೆ? ಗಡಿಯಾರವನ್ನು ಉಯ್ಯಾಲೆಯ ಹಿಡಿತದಿಂದ ಬಿಡಿಸುವುದು ಹೇಗೆ? ಹಿಡಿದು ನಿಲ್ಲಿಸಿದರೆ ಸಾಯುತ್ತದೆ. ಹಾಗಾದರೆ ನಿಲ್ಲಿಸಬಾರದು, ಓಡಿಸಬೇಕು. ಹಲಗೆಯನ್ನೇ ಬರಬರುತ್ತಾ ಚುರುಕು ಮಾಡಿ, ಗಡಿಯಾರವನ್ನು ಅದರ ಹಳೆಯ ವೇಗಕ್ಕೆ ಕರೆದುಕೊಂಡು ಹೋಗಿ ಮುಟ್ಟಿಸಬೇಕು. ಅಲ್ಲಿ ಹಲ್ಲಿನ ತಳ್ಳು ಮತ್ತೆ ಸರಿಯಾದ ಹೊತ್ತಿಗೆ ಬೀಳುತ್ತದೆ. ಆಮೇಲೆ ಕೈ ಬಿಟ್ಟರೂ ತಾನಾಗಿ ಓಡುತ್ತದೆ. ಓಡಬೇಕು. ಟ್ರೇಯ ಮೇಲೆ ಅದನ್ನು ಪರೀಕ್ಷೆ ಮಾಡಿ ನೋಡುವಷ್ಟು ಹೊತ್ತು ಅವಳಿಗಿರಲಿಲ್ಲ.

ಸೈಕಲ್ಲನ್ನು ಅಂಗಳದಲ್ಲಿ ಕೆಡವಿ ಹೊಸ್ತಿಲು ದಾಟಿದಳು. ಉಯ್ಯಾಲೆ ತೂಗುತ್ತಿತ್ತು. ಅಕ್ಕ ಸರಪಳಿಗೆ ತಲೆ ಆನಿಸಿದ್ದಳು. ಕಣ್ಣು ಅರ್ಧ ಮುಚ್ಚಿತ್ತು, ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೆಬ್ಬೆರಳು ಮಾತ್ರ ಅಭ್ಯಾಸಬಲದಿಂದ ನೆಲವನ್ನು ಮುಟ್ಟುತ್ತಿತ್ತು, ಒಮ್ಮೊಮ್ಮೆ ಮುಟ್ಟುತ್ತಿರಲಿಲ್ಲ.

"ಇದೇನಮ್ಮ ಇವತ್ತು ಹಗಲು ಹೊತ್ತಿಗೇ ಸವಾರಿ!" ಎಂದು ಭಾವ ಪುಸ್ತಕ ಮುಚ್ಚಿ, ಅವಳಿಗೆ ಜಾಗ ಮಾಡಿಕೊಡಲು ಹಲಗೆಯ ಅಂಚಿಗೆ ಕೈ ಚಾಚಿದರು. "ತಡಿ, ನಿಲ್ಲಿಸ್ತೀನಿ, ಕೂತ್ಕೋ."

"ಭಾವಾ, ಮುಟ್ಟಬೇಡಿ!"

ಆ ಕೂಗಿಗೆ ಅವರ ಕೈ ಗಾಳಿಯಲ್ಲೇ ನಿಂತಿತು. ಯಶಸ್ವತಿ ಹಿಂದಿನಿಂದ ಹೋಗಿ ಎರಡು ಸರಪಳಿಗಳನ್ನು ಹಿಡಿದು, ತೂಗುವ ಹಲಗೆಯ ಜೊತೆ ತಾನೂ ಮುಂದೆ ಹಿಂದೆ ಹೆಜ್ಜೆ ಹಾಕುತ್ತಾ, ಅಕ್ಕನ ಬೆನ್ನಿಗೆ ಕಿವಿ ಹಚ್ಚಿದಳು. ಹೋಗುವಾಗ ಒಂದು. ಬರುವಾಗ ಒಂದು. ಸದ್ದು ಬತ್ತಿದ ಬಾವಿಯ ತಳದಿಂದ ಬಂದ ಹಾಗಿತ್ತು.

"ಉಯ್ಯಾಲೆ ನಿಂತ್ರೆ ಅಕ್ಕನ ಗಡಿಯಾರ ನಿಲ್ಲುತ್ತೆ ಭಾವ. ಓದಿ. ಓದೋದು ನಿಲ್ಲಿಸಬೇಡಿ."

ಭಾವ ಏಕೆ, ಹೇಗೆ ಎಂದು ಕೇಳಲಿಲ್ಲ. ನಿಲ್ಲಿಸಿದ್ದ ಪದ್ಯವನ್ನೇ ಎತ್ತಿಕೊಂಡರು.

"ಇದಲ್ಲ, ಇದು ನಿಧಾನ. ಇದೇ ಲಯದಲ್ಲಿ ಶುರು ಮಾಡಿ, ಒಂದೊಂದು ಪದ್ಯಕ್ಕೆ ಒಂದೊಂದು ಎಳೆ ಚುರುಕು ಮಾಡ್ತಾ ಹೋಗಿ. ಯುದ್ಧದ ಸಂಧಿ ಓದಿ."

"ಯುದ್ಧವಾ? ಪುಸ್ತಕ ಪೆಟ್ಟಿಗೆ ತಳದಲ್ಲಿದೆ ಕಣಮ್ಮ..."

"ಬಾಯಿಗೆ ಬರಲ್ವಾ?"

ಧರಣೇಂದ್ರಯ್ಯ ಹೆಂಡತಿಯ ಮುಖ ನೋಡಿದರು. ಮದುವೆಯಾದಾಗಿನಿಂದ ಅವಳಿಗೆ ಕೇಳದಂತೆ, ಸ್ನಾನದ ಮನೆಯಲ್ಲಿ, ಕೆರೆ ಏರಿಯ ಮೇಲೆ, ಒಬ್ಬರೇ ಹೇಳಿಕೊಂಡು ಬಂದದ್ದೆಲ್ಲ ನಾಲಗೆಯ ಮೇಲೇ ಇತ್ತು. ಕಣ್ಣು ಮುಚ್ಚಿ, ತೊಡೆಯ ಮೇಲೆ ಅಂಗೈ ತಟ್ಟಿ ಶುರುಮಾಡಿದರು.

ಉಯ್ಯಾಲೆಗೆ ತನ್ನದೇ ಓಟವಿದೆ. ಅದನ್ನು ಮೀರಬೇಕಾದರೆ ಕೈಯಿಂದಲೇ ದೂಡಬೇಕು, ಕೈಯಿಂದಲೇ ಎಳೆಯಬೇಕು. ಯಶಸ್ವತಿ ಹಾಗೆ ದೂಡಿದಳು, ಹಾಗೆ ಎಳೆದಳು. ಪ್ರತಿ ಸಲವೂ ಹಲಗೆ 'ನನ್ನ ಪಾಡಿಗೆ ನನ್ನನ್ನು ಬಿಡು' ಎಂಬಂತೆ ಜಗ್ಗುತ್ತಿತ್ತು. ಭಾವನ ದನಿ ಒಂದೆಳೆ ಏರಿತು. ಹಲಗೆ ಒಂದೆಳೆ ಚುರುಕಾಯಿತು. ಅವಳು ಕಿವಿ ಹಚ್ಚಿ ಕಾದಳು. ಟಿಕ್ ಜೊತೆಗೇ ಬಂತು. ಇನ್ನೊಂದು ಪದ್ಯ. ಬಂತು. ಸರಪಳಿಯ ಕೊಂಡಿಗಳು ಅಂಗೈಗೆ ಕಚ್ಚಿ ಉರಿಯತೊಡಗಿದವು. ಮತ್ತೊಂದು ಪದ್ಯಕ್ಕೆ ಭಾವ ಆತುರಪಟ್ಟು ಎರಡೆಳೆ ಏರಿಬಿಟ್ಟರು. ಹಲಗೆ ಮುಂದಾಯಿತು, ಟಿಕ್ ಹಿಂದುಳಿಯಿತು. ಒಂದು ಬಡಿತ ಕಾಣೆಯಾಯಿತು. ಅಕ್ಕನ ತಲೆ ಸರಪಳಿಯಿಂದ ಜಾರಿತು.

"ಭಾವ, ಹಿಂದಕ್ಕೆ! ಹಿಂದಿನ ಲಯಕ್ಕೆ!"

ಅವರು ಅದೇ ಸಾಲನ್ನು ಮತ್ತೆ ಹಿಡಿದು, ನಿಧಾನಿಸಿ ಎರಡು ಸಲ ಹೇಳಿದರು. ಅವಳು ಹಲಗೆಯನ್ನು ಗಡಿಯಾರದ ಬಳಿಗೆ ಮರಳಿ ತಂದಳು. ಇದ್ದೀಯಾ? ಇದ್ದೀಯಾ? ಇದೆ. ಹೋಗುವಾಗ ಒಂದು. ಬರುವಾಗ ಒಂದು. ತನಗರಿವಿಲ್ಲದೆ ಅವಳ ತುಟಿ ಪಂಚನಮಸ್ಕಾರ ಮಂತ್ರ ಹೇಳುತ್ತಿತ್ತು. ಮತ್ತೆ ಒಂದೊಂದೇ ಎಳೆ ಏರುತ್ತಾ ಹೋದರು. ಈಗ ಭಾವನ ಅಂಗೈ ತೊಡೆಯ ಮೇಲೆ ನಗಾರಿ ಬಡಿದಂತೆ ಬಡಿಯುತ್ತಿತ್ತು. ಗಂಟಲಿನಿಂದ ಕುದುರೆಗಳು ಹೊರಟವು:

ಕುದುರೆ ಖುರಪುಟ ಕೆದರಿ ಕಣದಲಿ
ಒದರಿ ನಿಂತುದು ಬೆದರಿ ಓಡದೆ
ಎದೆಯ ಬಡಿತವೆ ಭೇರಿಯಾಯಿತು ಕದನದಂಗಳದಿ

ಆ ಮೂರನೆಯ ಸಾಲಿನ ನಡುವೆ ಯಶಸ್ವತಿಗೆ ಕೇಳಿಸಿತು. ಹಲಗೆ ಒಂದು ಕೂದಲಷ್ಟು ಹಿಂದೆ ಬಿತ್ತು. ಅವಳ ತೋಳು ಸೋತಿತ್ತು. ಟಿಕ್ ಹಿಂದೆ ಬೀಳಲಿಲ್ಲ. ಹಲಗೆಗೆ ಕಾಯದೆ ತಾನೇ ಮುಂದೆ ಹೋಯಿತು. ಮತ್ತೆ ಹೋಯಿತು. ಅವಳು ಬೇಕೆಂದೇ ಲಯ ಕೆಡಿಸಿ ಹಲಗೆಯನ್ನು ಅಡ್ಡಾದಿಡ್ಡಿ ಎಳೆದಳು. ಟಿಕ್, ಟಿಕ್, ಟಿಕ್, ಟಿಕ್. ಅದು ಯಾರ ಹೆಜ್ಜೆಯೂ ಅಲ್ಲ, ಅದರದ್ದೇ ಹೆಜ್ಜೆ.

ಸರಪಳಿ ಬಿಡಲು ಬೆರಳುಗಳು ಒಪ್ಪಲಿಲ್ಲ. ಒಂದೊಂದಾಗಿ ಬಿಡಿಸಿಕೊಂಡಳು. ಹಲಗೆ ತೂಗಿ, ತೂಗಿ, ನಿಂತಿತು. ಭಾವನ ಬಾಯಿಯೂ ಅಲ್ಲಿಗೇ ನಿಂತಿತು. ಮೂವರೂ ಉಸಿರು ಹಿಡಿದು ಒಂದೇ ಸದ್ದನ್ನು ಕೇಳಿದರು.

ಅಕ್ಕನ ತುಟಿಗೆ ಬಣ್ಣ ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕಣ್ಣು ತೆರೆದು, ಬೆವರಿದ ಗಂಡನನ್ನೂ ಕೈಯಲ್ಲಿ ರಕ್ತ ಬರಿಸಿಕೊಂಡ ತಂಗಿಯನ್ನೂ ನೋಡಿದಳು.

"ರೀ," ಎಂದಳು ಕ್ಷೀಣವಾಗಿ, "ನೀವು ಯುದ್ಧ ಓದಿದ್ರಾ?"

ಧರಣೇಂದ್ರಯ್ಯ ಮಣೆಯ ಮೇಲೆ ಕೂತವರು ಹಾಗೇ ಮುಖ ಮುಚ್ಚಿಕೊಂಡು ಅತ್ತರು.

*

ಮರುದಿನ ಬೆಳಗ್ಗೆ ಬಾವುಟ ಇಳಿದ ಮೇಲೆ ರೇಡಿಯೋದಲ್ಲಿ ದಿನವಿಡೀ ಅದೇ ಎಚ್ಚರಿಕೆ ಬಂತು. ಸೈಕಲ್ ಹುಡುಗರು ಹೋದ ಊರುಗಳಲ್ಲಿ ಒಂದು ಮನೆಯ ಅಜ್ಜಿಯನ್ನು ಅಕ್ಕಪಕ್ಕದವರು ಸರದಿಯ ಮೇಲೆ ಬೆಳಗಿನವರೆಗೂ ತೂಗುತ್ತಾ ಕೂತಿದ್ದರಂತೆ. ತಿಮ್ಮೇಗೌಡರೇ ಹೋಗಿ, ಯಶಸ್ವತಿ ಹೇಳಿಕೊಟ್ಟ ಹಾಗೆ, ಶಾಲೆಯ ಮಕ್ಕಳಿಂದ ಬರಬರುತ್ತಾ ಚುರುಕಾಗಿ ಮಗ್ಗಿ ಹೇಳಿಸಿ ಇಳಿಸಿದರು. ಬ್ಯಾಲೆನ್ಸ್ ಚಕ್ರಕ್ಕೆ ಹೊಸ ಹದ ಮಾಡುವ ಕೆಲಸ ಶುರುವಾಯಿತು. ಪಂಕಜಾಕ್ಷಿ ಹೇಳಿದ್ದನ್ನು ಯಶಸ್ವತಿ ಯಾವ ಕಾಗದದಲ್ಲೂ ಹೆಸರು ಹಾಕಿ ಬರೆಯಲಿಲ್ಲ.

ಅಂದು ಸಂಜೆ ಅಕ್ಕ ಊಟ ಮುಗಿಸಿ ನಡುಮನೆಗೆ ಬಂದಳು. ಉಯ್ಯಾಲೆಯ ಹಲಗೆಯನ್ನು ಭಾವ ಸೂರಿನ ಮಟ್ಟಕ್ಕೆ ಎತ್ತಿ ಕಟ್ಟಿದ್ದರು. ಅಕ್ಕ ಅದನ್ನೊಮ್ಮೆ ನೋಡಿ, ಚಾಪೆ ಹಾಸಿ ನೆಲದ ಮೇಲೆ ಕೂತಳು.

"ಯಶೂ, ಇಷ್ಟು ದಿನ ನನಗೆ ಬರ್ತಿದ್ದ ಶಾಂತಿ ಗಡಿಯಾರ ಸಾಯ್ತಿದ್ದ ಶಾಂತೀನಾ ಹಾಗಾದ್ರೆ? ಕಾವ್ಯದ್ದಲ್ವಾ?"

ಯಶಸ್ವತಿ ಹಿಂದೆ ಹೋಗಿ ಕೂತು, ಪಟ್ಟಿ ಕಟ್ಟಿದ ಕೈಯನ್ನು ಅಕ್ಕನ ಹೆಗಲಿಗೆ ಹಾಕಿ, ಬೆನ್ನಿಗೆ ಕಿವಿ ಹಚ್ಚಿದಳು. ಭಾವ ದೀಪದ ಕಡೆಗೆ ವ್ಯಾಸಪೀಠ ಸರಿಸಿ, ಗಂಟಲು ಸರಿಮಾಡಿಕೊಂಡು, ಕಾಡಿಗೆ ಹೋದ ದೊರೆಯ ಪದ್ಯ ಎತ್ತಿಕೊಂಡರು. ನಿಧಾನವಾದ ರಾಗ ನಡುಮನೆಯನ್ನೆಲ್ಲ ತುಂಬಿತು. ಅಕ್ಕನ ಉಸಿರು ಆಳವಾಯಿತು. ಕಣ್ಣು ತಾನಾಗಿ ಮುಚ್ಚಿತು. ಯಶಸ್ವತಿಯ ಮುಂಗೈ ಮೇಲೆ ಬೆಚ್ಚಗಿನ ಹನಿಯೊಂದು ಬಿತ್ತು. ಒಳಗೆ ಗಡಿಯಾರ ತನ್ನ ಹೆಜ್ಜೆ ತಪ್ಪದೆ, ಚುರುಕಾಗಿ ನಡೆಯುತ್ತಿತ್ತು.

ಪದ್ಯ ಮುಗಿಯಿತು. ಅಕ್ಕ ಕಣ್ಣು ತೆರೆಯದೆ ಹೇಳಿದಳು:

"ಇದು ಇರಲಿ. ನಿನ್ನೆಯ ಆ ಕುದುರೆ ಏನಾಯ್ತು?"

ಭಾವ ತಬ್ಬಿಬ್ಬಾದರು. "ಯಾವ ಕುದುರೆ? ಯುದ್ಧದ್ದಾ?"

"ಓಡದೆ ನಿಂತಿತ್ತಲ್ಲ, ಅದು. ನಂಗೆಲ್ಲಾ ಕೇಳಿಸ್ತಿತ್ತು, ಮಾತಾಡೋಕೆ ಆಗ್ತಿರಲಿಲ್ಲ ಅಷ್ಟೇ. ಪದ್ಯ ಅರ್ಧಕ್ಕೇ ಬಿಟ್ರಿ. ಪಾಪದ ಪ್ರಾಣಿ ನಿನ್ನೆಯಿಂದ ಅಲ್ಲೇ ನಿಂತಿದೆ."

ಧರಣೇಂದ್ರಯ್ಯ ನಾದಿನಿಯ ಮುಖ ನೋಡಿದರು. ಅವಳು ಬೆನ್ನಿನಿಂದ ಕಿವಿ ತೆಗೆಯದೆ ತಲೆಯಾಡಿಸಿದಳು.

"ಓದ್ರೀ," ಎಂದಳು ಅಕ್ಕ. "ನಿಲ್ಲಿಸಬೇಡಿ."